ಹಾಯಿಕಂಬದ ಬುಡದ ಅಂಕಿ

ಅರಂತೋಡಿನ ತೀರ್ಥರಾಮ ಗೌಡರ ಮರದ ಕೊಟ್ಟಿಗೆಯಲ್ಲಿ ಈಗಲೂ ಒಂದು ದೋಣಿ ಉಂಟು. ಹೊಳೆ ದಾಟಿಸುವ ದೋಣಿಯಲ್ಲ, ಮೀನು ಹಿಡಿಯುವುದೂ ಅಲ್ಲ. ಹಿಂದೆ ಮಂಗಳೂರಿನ ಅಳಿವೆಯಲ್ಲಿ ಹಾಯಿ ಕಟ್ಟಿ ಪಂದ್ಯಕ್ಕೆ ಬಿಡುತ್ತಿದ್ದ, ಇಬ್ಬರೇ ಕೂರುವ ಸಣ್ಣ ದೋಣಿ. ಅದರ ಮೈಗೆ ಕೈ ಸವರಿದರೆ ಹಸುಗೂಸಿನ ಬೆನ್ನು ಮುಟ್ಟಿದ ಹಾಗಾಗುತ್ತದೆ. ನೋಡಲು ಬಂದವರು ಮೊದಲು ಬಾಯಿ ತೆರೆಯುತ್ತಾರೆ, ಆಮೇಲೆ ಎಲ್ಲರೂ ಒಂದೇ ಮಾತು ಕೇಳುತ್ತಾರೆ. "ಇದನ್ನು ಕಟ್ಟಿದ್ದು ಯಾರು ಗೌಡ್ರೆ?"

"ಬಿಸಿಲು ಜೋರುಂಟು ಮಾರಾಯ್ರೆ, ಮಜ್ಜಿಗೆ ಕುಡಿಯುವನಾ?" ಎಂದು ಗೌಡರು ಅಂಗಳಕ್ಕೆ ಇಳಿಯುತ್ತಾರೆ.

ಆಲೆಟ್ಟಿಯಲ್ಲಿ ಹುಟ್ಟಿದ ತೀರ್ಥರಾಮರು ಮೀಸೆ ಮೂಡುವ ಮೊದಲೇ ಶಾಲೆಗೆ ಕೈಮುಗಿದು ಸುಳ್ಯದ ಮರದ ಮಿಲ್ಲಿಗೆ ಸೇರಿದವರು. ಅಲ್ಲಿ ಗರಗಸಕ್ಕಿಂತ ಮೊದಲು ಅವರು ಕಲಿತದ್ದು ಅಂಕಿಗೆ ಹೆದರುವುದನ್ನು. ಕಾಡಿನ ಡಿಪೋದಿಂದ ಬಂದ ಪ್ರತಿ ದಿಮ್ಮಿಗೂ ಸುತ್ತಿಗೆಯ ಗುರುತು, ಒಂದು ಅಂಕಿ. ಆ ಅಂಕಿ ಮರ ಸಾಗಿಸುವ ಪಾಸಿನಲ್ಲಿ ಬರೆದದ್ದಕ್ಕೆ ಹೊಂದಬೇಕು. ಒಂದು ಸಲ ಯಾವುದೋ ಹಳೇ ತೊಲೆಯ ಅಂಕಿ ಯಾವ ಪಾಸಿಗೂ ಹೊಂದಲಿಲ್ಲ. ಫಾರೆಸ್ಟಿನವರು ಬಂದು ಮಿಲ್ಲಿಗೆ ಬೀಗ ಜಡಿದರು. ಧನಿ ಕೋರ್ಟಿನ ಜಗಲಿ ಸವೆಸಿದರು, ಕೆಲಸದವರು ಜಡಿಮಳೆಯ ಆಟಿ ತಿಂಗಳಿಡೀ ಕೈಕಟ್ಟಿ ಮನೆಯಲ್ಲಿ ಕೂತರು. ಅಲ್ಲಿಂದ ಮೇಲೆ ಹಳೇ ಮನೆಯ ಮರ ಬಂದರೆ, ಅದರಲ್ಲಿ ಅಂಕಿ ಕಂಡರೆ, ಮೊದಲು ಅದನ್ನು ಕೀಸಿ ತೆಗೆಯುವುದು. ಊಟಕ್ಕೆ ಮೊದಲು ಕೈ ತೊಳೆದ ಹಾಗೆ ಅದು ಅಭ್ಯಾಸವಾಗಿ ಹೋಯಿತು. ಮಿಲ್ಲು ಬಿಟ್ಟು ಅರಂತೋಡಿನಲ್ಲಿ ಸ್ವಂತ ಮರಗೆಲಸದ ಅಂಗಡಿ ಹಾಕಿದ ಮೇಲೂ ಕೈ ಅದನ್ನು ಮರೆಯಲಿಲ್ಲ.

ದೋಣಿ ಸಿಕ್ಕಿದ್ದು ಸಂಪಾಜೆ ಘಾಟಿಯ ಒಂದು ಎಸ್ಟೇಟಿನಲ್ಲಿ. ಹಳೇ ಬಂಗಲೆ ಕೆಡವುತ್ತಾರೆ, ಬಾಗಿಲು ದಾರಂದ ಚೆನ್ನಾಗಿ ಉಂಟು ಎಂದು ಕೇಳಿ ಗೌಡರು ಓಮ್ನಿ ತಿರುಗಿಸಿಕೊಂಡು ಹೋಗಿದ್ದರು. ಹಿತ್ತಿಲಲ್ಲಿ ಸೌದೆಯ ಮೇಲೆ ಏನೋ ಕವುಚಿ ಹಾಕಿದ್ದರು. ಮೇಲೆ ಕೋಳಿ ಕೂತಿತ್ತು. ಹತ್ತಿರ ಹೋಗಿ ನೋಡಿದರೆ ಹೆಬ್ಬಲಸಿನ ಹಲಗೆ, ಒಂದರ ಮೇಲೊಂದು ಮೀನಿನ ಚಿಪ್ಪಿನ ಹಾಗೆ ಕೂರಿಸಿದ್ದು, ಸಂದಿಗೆ ಉಗುರು ಹೋಗುವುದಿಲ್ಲ. ದಾರಂದ ಅಲ್ಲೇ ಬಿಟ್ಟರು. ಬಾಡಿಗೆಗೆ ಪಿಕಪ್ಪು ಹಿಡಿದು ದೋಣಿಯನ್ನು ಏರಿಸಿ ತಂದರು.

ಅಂಗಳಕ್ಕೆ ಇಳಿಸುವಾಗ ಹೆಂಡತಿ ಪುಷ್ಪಾವತಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಅಡಿಗೆ ಕೋಣೆಗೊಂದು ಕಪಾಟು ಮಾಡಿ ಕೊಡಿ ಅಂತ ಹೇಳಿ ಹೇಳಿ ನನ್ನ ತಲೆ ನರೆಯಿತು. ದೋಣಿ ತಂದಿರಾ?"

"ಪಂದ್ಯದ ದೋಣಿ ಮಾರಾಯ್ತಿ ಇದು."

"ಯಾರೊಟ್ಟಿಗೆ ಪಂದ್ಯ? ಕೆಎಸ್ಸಾರ್ಟಿಸಿ ಬಸ್ಸಿನೊಟ್ಟಿಗಾ?"

ಎರಡು ಮಳೆಗಾಲ ಗೌಡರು ಅದರ ಹಿಂದೆ ಬಿದ್ದರು. ಗೆದ್ದಲು ತಿಂದ ಹಲಗೆ ಕಿತ್ತು ಹೊಸತು ಕೂರಿಸಬೇಕು, ಹೊಸ ಹಲಗೆ ಬಾಗಬೇಕು. ಭತ್ತ ಬೇಯಿಸುವ ಹಂಡೆಯ ಹಬೆಯಲ್ಲಿ ಹಲಗೆಯನ್ನು ಗೋಣಿ ಸುತ್ತಿ ಬೇಯಿಸಿದರು. ಮೊದಲ ನಾಲ್ಕೈದು ಸೀಳಿಯೇ ಹೋದವು. ತಾಮ್ರದ ಮೊಳೆ ಪೇಟೆಯಲ್ಲಿ ಸಿಗಲಿಲ್ಲ, ದಪ್ಪ ತಾಮ್ರದ ತಂತಿ ತಂದು ಕಡಿದು ತಾವೇ ಮಾಡಿಕೊಂಡರು. ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಕೈಯ ಚರ್ಮವೆಲ್ಲ ಸುಲಿಯಿತು. ಯಾರೂ ಕಲಿಸಿದವರಿಲ್ಲ. ದೋಣಿಯನ್ನೇ ನೋಡಿ ದೋಣಿಯ ಕೆಲಸ ಕಲಿತರು.

ಅದರ ನಡುವೆ ಒಂದು ದಿನ, ಹಾಯಿಕಂಬ ನಿಲ್ಲಿಸುವ ದಪ್ಪ ಪಟ್ಟಿಯ ಕೊಳೆ ತೆಗೆಯುವಾಗ, ಅಂಕಿ ಕಂಡಿತು. ಉಳಿಯಲ್ಲಿ ಕೊರೆದದ್ದು, ಆಳವಾಗಿ. ಗೌಡರು ಒಮ್ಮೆ ರಸ್ತೆಯ ಕಡೆ ನೋಡಿದರು. ಎಲ್ಲಿಯ ಮರವೋ, ಯಾವ ಡಿಪೋದ್ದೋ, ಈ ವಯಸ್ಸಿನಲ್ಲಿ ಯಾಕೆ ರಗಳೆ? ಕೀಸುಳಿ ತೆಗೆದುಕೊಂಡರು. ಒಂದೆಳೆತಕ್ಕೆ ಹೋಗಲಿಲ್ಲ, ಮತ್ತೆ ಮತ್ತೆ ಎಳೆಯಬೇಕಾಯಿತು. ಕನ್ನಡಿಯ ಹಾಗೆ ನುಣ್ಣಗಾದ ಮೇಲೆ ಬೆರಳಾಡಿಸಿ ತೃಪ್ತಿಪಟ್ಟರು. ಹೊಟ್ಟನ್ನು ಪುಷ್ಪಾವತಿ ಗುಡಿಸಿ ಬಚ್ಚಲ ಒಲೆಗೆ ಹಾಕಿದರು. ಆ ದಿನ ಮೀಯುವ ನೀರು ಚೆನ್ನಾಗಿ ಕಾದಿತ್ತು.

ಪಯಸ್ವಿನಿಯ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ನೀರು ನಿಂತಾಗ ದೋಣಿ ಇಳಿಸಿದರು. ಹಾಯಿ ಹೊಲಿದವನು ಸುಳ್ಯದಲ್ಲಿ ಶಾಮಿಯಾನ ಹೊಲಿಯುವವನು. ದಡದಲ್ಲಿ ಜನ ಸೇರಿ, ಮುಳುಗಿದರೆ ಎಳೆಯಲು ಹಗ್ಗ ಹಿಡಿದು ನಿಂತಿದ್ದರು. ಗಾಳಿ ಒಂದು ಸುತ್ತು ಬಂತು, ಹಾಯಿ ಉಬ್ಬಿತು, ದೋಣಿ ಒಂದು ಬದಿಗೆ ವಾಲಿ ಜಾರಿಕೊಂಡು ಹೋಯಿತು. ಗೌಡರ ಮುಂಡು ಒದ್ದೆ, ಎದೆ ಆಕಾಶದಷ್ಟು.

ಆಮೇಲೆ ಶುರುವಾಯಿತು ತುರಿಕೆ. ಇಷ್ಟು ಚಂದ ಕಟ್ಟಿದವನು ಯಾರು? ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ಹಳೇ ರೈಟರಿಗೆ ಗೊತ್ತಿದ್ದದ್ದು ಇಷ್ಟೇ: ಅದು ಮಂಗಳೂರಿನ ಒಂದು ಕ್ಲಬ್ಬಿನದು, ಕ್ಲಬ್ಬು ಮುಚ್ಚಿದಾಗ ಎಸ್ಟೇಟಿನ ಧನಿ ಲಾರಿಯಲ್ಲಿ ತಂದದ್ದು. ಗೌಡರು ಬಸ್ಸು ಹತ್ತಿ ಅಳಿವೆ ಬದಿಗೆ ಹೋದರು, ದೋಣಿ ಕಟ್ಟುವ ಕಡೆ ಮೊಬೈಲಿನ ಫೋಟೋ ತೋರಿಸುತ್ತ ತಿರುಗಿದರು. ಕೊನೆಗೆ ಒಬ್ಬ ಮುದುಕರು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಹೇಳಿದರು: "ಪಂದ್ಯದ ದೋಣಿ ಕಟ್ಟುತ್ತಿದ್ದದ್ದು ಇಬ್ಬರೇ. ಈ ದಡದಲ್ಲಿ ಕುಂಞಿ ಮೋನು, ಆಚೆ ದಡದಲ್ಲಿ ಲಾದ್ರು ಪೊರ್ಬು. ಅಚ್ಚು ಒಂದೇ, ಅವಳಿ ಮಕ್ಕಳ ಹಾಗೆ. ಯಾರದ್ದು ಅಂತ ನನಗೆ ಹೇಳಲಿಕ್ಕೆ ಆಗುದಿಲ್ಲ. ಪೊರ್ಬುಗಳ ಮನೆಯವರು ಯಾರೂ ಈಗ ಇಲ್ಲ. ಕುಂಞಿ ಮೋನುವಿನ ಮಗಳನ್ನು ನಿಮ್ಮ ಬದಿಗೇ ಕೊಟ್ಟದ್ದು, ಕಡಬಕ್ಕೆ."

ಮೈಮೂನಾ ಅವರ ಮನೆ ಕಡಬ ಪೇಟೆಯಿಂದ ಒಳಗೆ. ಗಂಡ ಒಣಮೀನಿನ ವ್ಯಾಪಾರ ಮಾಡಿಕೊಂಡಿದ್ದವರು, ತೀರಿಹೋಗಿದ್ದಾರೆ. ಎಪ್ಪತ್ತು ದಾಟಿದ ಹೆಂಗಸು, ಮಾತು ಮಾತ್ರ ಅರೆದ ಮೆಣಸು.

ಆಕೆ ಮೊಬೈಲಿನ ಫೋಟೋವನ್ನು ಬಗ್ಗಿ ನೋಡಿದರು. ಆಮೇಲೆ ತಲೆಯ ಸೆರಗು ಸರಿಮಾಡಿಕೊಂಡು ತಂದೆಯ ಮಾತು ಎತ್ತಿದರು.

"ನಮ್ಮ ಉಪ್ಪ ಕಡೆಯದಾಗಿ ಕಟ್ಟಿದ್ದು ಮೂವತ್ತೆಂಟನೇ ನಂಬರಿನದ್ದು ಗೌಡ್ರೆ. ಅದು ಪಂದ್ಯ ಗೆದ್ದಿತು. ಕಪ್ಪು ಕೊಡುವಾಗ ಉಪ್ಪ ಗೇಟಿನ ಹೊರಗೆ ನಿಂತಿದ್ದರು, ಒಳಗೆ ಕರೆದವರಿಲ್ಲ. ಮನೆಗೆ ಬಂದು ಎಂತ ಹೇಳಿದ್ರು ಗೊತ್ತುಂಟಾ? 'ಹೋಗ್ಲಿ, ನನ್ನ ಕೈ ಅದರೊಳಗೆ ಉಂಟು' ಅಂತ. ಆಮೇಲೆ ಎದೆನೋವು, ಮತ್ತೆ ಉಳಿ ಹಿಡಿಯಲಿಲ್ಲ. ನಮ್ಮಲ್ಲಿ ಅವರ ಒಂದು ಫೋಟೋ ಸಹ ಇಲ್ಲ. ಅವರ ಕೈಯದ್ದು ಅಂತ ಒಂದಾದರೂ ಈ ಲೋಕದಲ್ಲಿ ಉಳಿದಿದ್ರೆ, ಕಣ್ಣು ಮುಚ್ಚುವ ಮೊದಲು ಒಮ್ಮೆ ಮುಟ್ಟಿ ಬರಬೇಕು."

"ಮುಟ್ಟಬಹುದಕ್ಕ, ಬನ್ನಿ."

"ಅವರದ್ದೇ ಅಂತ ಗೊತ್ತಾಗಬೇಕಲ್ಲ. ಹಾಯಿಕಂಬದ ಬುಡದಲ್ಲಿ ನಂಬರು ಕೊರೆದದ್ದು ಅವರೇ. ಅಲುಗಾಡದ ಹಾಗೆ ಪಟ್ಟಿ ಹಿಡಿದುಕೊಂಡದ್ದು ನಾನು, ಸಣ್ಣ ಹುಡುಗಿ. ನಂಬರು ಉಂಟಲ್ಲ?"

ತೀರ್ಥರಾಮರಿಗೆ ತಾವು ಕೀಸಿ ತೆಗೆದ ಅಂಕಿ ನೆನಪಾಯಿತು. ಆಗಲೇ ಹೇಳಿಬಿಡಬೇಕಿತ್ತು. ಅಲ್ಲೇ, ಆ ಜಗಲಿಯಲ್ಲೇ, ಅಕ್ಕಾ ಹೀಗಾಯಿತು ಅಂತ. ಬದಲು ಅವರ ಬಾಯಿಂದ ಬಂದದ್ದು: "ಬಂದು ನೋಡಿ ಅಕ್ಕ. ನಾನೇ ಓಮ್ನಿಯಲ್ಲಿ ಕರೆದುಕೊಂಡು ಹೋಗ್ತೇನೆ."

ನೋಡಿದರೆ ಬೇರೆ ಏನಾದರೂ ಗುರುತು ಸಿಕ್ಕೀತು ಎಂಬ ಆಸೆ. ಅದಕ್ಕಿಂತ ಹೆಚ್ಚು, ತಾವು ಮಾಡಿದ ಕೆಲಸವನ್ನು ಕುಂಞಿ ಮೋನುವಿನ ಮಗಳು ನೋಡಲಿ ಎಂಬ ಜಂಬ.

ದಾರಿಯಿಡೀ ಮೈಮೂನಾ ಮಾತಾಡಿದರು. ತಂದೆಗೆ ಕೋಪ ಬಂದರೆ ಉಳಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದದ್ದು, ಹೆಣ್ಣುಮಕ್ಕಳು ಪಂದ್ಯದ ದೋಣಿಗೆ ಹತ್ತಬಾರದು ಎಂದು ಕ್ಲಬ್ಬಿನವರು ಗದರಿಸಿದ್ದು. "ಕಟ್ಟುವಾಗ ನಾನು ಹಲಗೆ ಹೊತ್ತದ್ದಕ್ಕೆ ತೊಂದರೆ ಇಲ್ಲ, ಕೂತರೆ ಮಾತ್ರ ಮೈಲಿಗೆ. ಇವತ್ತು ಕೂರ್ತೇನೆ. ಯಾವ ಕ್ಲಬ್ಬು ಬಂದು ಕೇಳ್ತದೆ ನೋಡುವ!"

ಗೌಡರು ಹೂಂ ಅನ್ನುತ್ತ ಗೇರು ಬದಲಿಸಿದರು. ಹೇಳಲು ಜಾಗ ಬೇಕಾದಷ್ಟಿತ್ತು. ಹೇಳಲಿಲ್ಲ.

ದೋಣಿ ಅಣೆಕಟ್ಟಿನ ಬದಿಯಲ್ಲೇ ನೀರಿಗೆ ಅರ್ಧ ಇಳಿದು ನಿಂತಿತ್ತು. ಬುತ್ತಿ ಹಿಡಿದು ಪುಷ್ಪಾವತಿ ಮೊದಲೇ ಬಂದು ಕಾದಿದ್ದರು. ಮೈಮೂನಾ ಚಪ್ಪಲಿ ಬಿಟ್ಟು, ದೋಣಿಯ ಅಂಚಿಗೆ ಕೈ ಸವರುತ್ತ ನಿಧಾನ ನಡೆದರು. "ಚಂದ ಮಾಡಿದ್ದೀರಿ ಗೌಡ್ರೆ, ಭಾರೀ ಚಂದ ಮಾಡಿದ್ದೀರಿ." ಬಗ್ಗಿ ಕೈಯನ್ನು ಹಾಯಿಕಂಬದ ಬುಡಕ್ಕೆ ಇಳಿಸಿದರು. ಕೈ ಅತ್ತ ಹೋಯಿತು, ಇತ್ತ ಬಂತು, ಮತ್ತೆ ಅತ್ತ ಹೋಯಿತು. ಮಂಚದಡಿ ಬಿದ್ದ ಕಿವಿಯೋಲೆಯನ್ನು ತಡವಿದ ಹಾಗೆ.

"ಇಲ್ಲಿ ಎಂತ ಮಾಡಿದಿರಿ?"

ಗೌಡರು ತಲೆಯ ಮುಟ್ಟಾಳೆ ತೆಗೆದರು. "ಇತ್ತು ಅಕ್ಕ. ಡಿಪೋದ್ದು ಅಂತ ಎಣಿಸಿದೆ. ನಾನೇ ಕೀಸಿ ತೆಗೆದದ್ದು."

"ತೆಗೆದಿರಾ?"

"ಹೌದು."

"ಎಷ್ಟಿತ್ತು ಅದು?"

ಪುಷ್ಪಾವತಿ ಗಂಡನ ಮುಖವನ್ನೇ ನೋಡಿದರು. ಮೂವತ್ತೆಂಟು ಎಂದರೆ ಮುಗಿಯಿತು. ಒಂದು ಮಾತು. ಯಾರಿಗೂ ನಷ್ಟವಿಲ್ಲ, ಒಬ್ಬ ಮುದುಕಿ ಸಂತೋಷದಲ್ಲಿ ಮನೆಗೆ ಹೋಗುತ್ತಾರೆ. ಮಾತು ತೀರ್ಥರಾಮರ ನಾಲಿಗೆಯ ತುದಿಗೆ ಬಂದು ಕೂತಿತು. ಆದರೆ ಅಷ್ಟು ಹೊತ್ತು ಆ ನುಣುಪು ಹಲಗೆಯನ್ನು ತಡವಿದ ಆ ಕೈಯನ್ನು ನೋಡಿದ ಮೇಲೆ ಅದನ್ನು ಉಗುಳಲು ಆಗಲಿಲ್ಲ.

"ನೆನಪಿಲ್ಲ ಅಕ್ಕ. ಓದಲೇ ಇಲ್ಲ ನಾನು. ಎರಡು ಇಂಗ್ಲಿಷ್ ಅಂಕಿ. ಒಂದಕ್ಕೆ ದುಂಡು ಹೊಟ್ಟೆ ಇತ್ತು, ಅಲ್ಲಿ ಕೀಸುಳಿ ಸಿಕ್ಕಿಬೀಳ್ತಿತ್ತು."

"ಲಾದ್ರು ಪೊರ್ಬುವಿನದ್ದು ಮೂವತ್ತಾರು, ಅದಕ್ಕೂ ಅಲ್ಲೇ ಕೊರೆದದ್ದು," ಮೈಮೂನಾ ಮೆಲ್ಲಗೆ ಹೇಳಿದರು. "ಆರಕ್ಕೂ ಹೊಟ್ಟೆ ಉಂಟಲ್ಲ ಗೌಡ್ರೆ."

ಪುಷ್ಪಾವತಿ ಮುಂದೆ ಬಂದು ಆಕೆಯ ಕೈ ಹಿಡಿದರು. "ಬನ್ನಿ ಅಕ್ಕ, ಬಂದದ್ದು ಬಂದಿದ್ದೀರಿ, ಒಮ್ಮೆ ಕೂತುಕೊಳ್ಳಿ. ಇವರು ಒಂದು ಸುತ್ತು ಹಾಕಿಸ್ತಾರೆ."

ಮೈಮೂನಾ ದೋಣಿಯನ್ನು ನೋಡಿದರು. ಒಂದು ಕಾಲು ಎತ್ತಿದ್ದರೆ ಒಳಗೆ.

"ಬೇಡ. ಉಪ್ಪನದ್ದಾದ್ರೆ ಹತ್ತುತ್ತಿದ್ದೆ. ಅಲ್ಲದಿದ್ರೆ ಪೊರ್ಬುವಿನ ದೋಣಿಯಲ್ಲಿ ಕೂತು ಉಪ್ಪಾ ಅಂತ ಅತ್ತ ಹಾಗಾಗ್ತದೆ. ಅವರು ಕೇಳಿದ್ರೆ ಉಳಿ ಕಿವಿಗೆ ಸಿಕ್ಕಿಸ್ತಾರೆ." ನಗಲು ನೋಡಿದರು. ಆಮೇಲೆ ಚಪ್ಪಲಿ ಹಾಕಿಕೊಂಡರು. "ಮನೆಗೆ ಬಿಡಿ ಗೌಡ್ರೆ."

ಕಡಬದ ಮನೆ ಮುಂದೆ ಇಳಿಯುವಾಗ ಮೈಮೂನಾ ಓಮ್ನಿಯ ಬಾಗಿಲು ಹಿಡಿದು ನಿಂತರು.

"ಮೂವತ್ತೆಂಟು ಅಂತ ಹೇಳಬಹುದಿತ್ತು ನೀವು."

"ಹೇಳಬಹುದಿತ್ತು ಅಕ್ಕ."

"ನಾನು ನಂಬ್ತಿದ್ದೆ," ಎಂದು ಮೈಮೂನಾ ಒಳಗೆ ಹೋದರು. ಅದು ಹೊಗಳಿಕೆಯೋ ದೂರೋ ಗೌಡರಿಗೆ ಇಂದಿನವರೆಗೂ ತಿಳಿದಿಲ್ಲ.

ಆ ವರ್ಷವೇ ಮಳೆಗಾಲ ಹಿಡಿಯುವ ಮೊದಲು ಮೈಮೂನಾ ತೀರಿಕೊಂಡ ಸುದ್ದಿ ಬಂತು. ಗೌಡರು ಕಡಬಕ್ಕೆ ಹೋಗಿ, ಅಂಗಳದ ಬದಿಯಲ್ಲಿ ನಿಂತು ಬಂದರು. ದೋಣಿಯನ್ನು ನೀರಿನಿಂದ ಎತ್ತಿ ಕೊಟ್ಟಿಗೆಯಲ್ಲಿ ಇಟ್ಟರು. ಬಂದ ಗಿರಾಕಿಯೊಬ್ಬ, "ಯಾವುದಾದರೂ ಒಂದು ನಂಬರು ನೀವೇ ಕೊರೆಯಿರಿ ಮಾರಾಯ್ರೆ, ಯಾರಿಗೆ ಗೊತ್ತಾಗ್ತದೆ?" ಎಂದದ್ದಕ್ಕೆ ಅವನ ಮೇಜಿನ ಕೆಲಸವನ್ನೇ ವಾಪಸು ಕೊಟ್ಟರು. ದೋಣಿಗೆ ವರ್ಷ ವರ್ಷ ಎಣ್ಣೆ ಹಚ್ಚುತ್ತಾರೆ. ಕಂಬದ ಬುಡದ ಆ ಒಂದು ಗೇಣು ಜಾಗಕ್ಕೆ ಮಾತ್ರ ಕೈ ಹೋಗುವುದಿಲ್ಲ. ಅಲ್ಲಿ ಮರ ಬೂದಿ ಬಣ್ಣಕ್ಕೆ ತಿರುಗಿದೆ.

ಈಗ ಹಳೇ ಮರ ಏನು ಬಂದರೂ, ಕೀಸುಳಿ ಎತ್ತುವ ಮೊದಲು ಗೌಡರು ಒಳಗೆ ಕರೆಯುತ್ತಾರೆ.

"ಪುಷ್ಪಾ, ಇಲ್ಲಿ ಬಾ. ಇದರಲ್ಲಿ ಎಂತಾದರೂ ಬರೆದದ್ದು ಉಂಟಾ ನೋಡು."

"ಅದು ಪಂಚಾಯತಿನ ಮುರಿದ ಬೆಂಚು ಮಾರಾಯ್ರೆ!"

"ಆದರೂ ಒಮ್ಮೆ ನೋಡು."

ಪುಷ್ಪಾವತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬರುತ್ತಾರೆ. ಬಗ್ಗಿ, ಬೆಂಚಿನ ಅಡಿಯವರೆಗೂ ನೋಡುತ್ತಾರೆ. "ಎಂತ ಸಹ ಇಲ್ಲ," ಎಂದ ಮೇಲೆಯೇ ಕೀಸುಳಿಯ ಸದ್ದು ಕೇಳುತ್ತದೆ.