ಮೂಗು ಕಟ್ಟಿದ ಮನೆ

ಆ ಕಾಲದಲ್ಲಿ ಭದ್ರಾವತಿ ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಬರುತ್ತಿತ್ತು. ಶಿವಮೊಗ್ಗದ ವಿನೋಬನಗರದಿಂದ ಅಪ್ಪನ ಸ್ಕೂಟರಿನಲ್ಲಿ ಹೊರಟರೆ, ಮಲವಗೊಪ್ಪ ದಾಟಿ ಸ್ವಲ್ಪ ಹೊತ್ತಿಗೆಲ್ಲ ಕಾಗದದ ಕಾರ್ಖಾನೆಯ ವಾಸನೆ ಎದುರಾಗುತ್ತಿತ್ತು. ಹೊಸಬರು ಕರವಸ್ತ್ರ ಹಿಡಿಯುತ್ತಿದ್ದರು. ನನಗೆ ಮಾತ್ರ ಅದು ಅಜ್ಜಿಮನೆಯ ವಾಸನೆ, ಅಂದರೆ ರಜೆಯ ವಾಸನೆ.

ಆ ವರ್ಷದ ದಸರಾ ರಜೆಗೆ ಹೋದಾಗ ನಾನು ಮೂರನೇ ಕ್ಲಾಸು. ಅಮ್ಮ ಬಾಣಂತನಕ್ಕೆಂದು ಭದ್ರಾವತಿಯ ನ್ಯೂಟೌನಿನ ತವರಿನಲ್ಲಿದ್ದಳು. ತಮ್ಮನಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ, ಹೆಸರೂ ಇಟ್ಟಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಪಾಪು. ಅಪ್ಪ ನನ್ನನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಶಿವಮೊಗ್ಗಕ್ಕೆ ವಾಪಸಾದ.

ಮನೆಯಲ್ಲಿ ಅಜ್ಜಿಯದೇ ಆಡಳಿತ. ಆ ಬೀದಿಯಲ್ಲಿ ಯಾರಿಗೆ ಮಗುವಾದರೂ ಎಣ್ಣೆ ನೀರು ಹಾಕಲು ಅಜ್ಜಿಯೇ ಬೇಕಿತ್ತು. ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಪಾಪುವನ್ನು ಮಲಗಿಸಿಕೊಂಡು ಬಿಸಿನೀರು ಹುಯ್ದರೆ ಅವನ ಕಿರುಚಾಟ ಬೀದಿಯ ತುದಿಗೆ ಕೇಳುತ್ತಿತ್ತು. “ಅಳ್ಲಿ ಬಿಡ್ರೇ, ಎದೆ ಅಗಲ ಆಗುತ್ತೆ” ಎನ್ನುತ್ತಿದ್ದಳು ಅಜ್ಜಿ. ಆಮೇಲೆ ಸಾಂಬ್ರಾಣಿ ಹೊಗೆ, ಅಮ್ಮನಿಗೆ ಕಾಳುಮೆಣಸಿನ ಸಾರು, ತುಪ್ಪ, ಹುರಿದ ಬೆಳ್ಳುಳ್ಳಿ. ಬಾಣಂತಿಗೆಂದು ಕಟ್ಟಿಟ್ಟ ಅಂಟಿನುಂಡೆಯಲ್ಲಿ ಅರ್ಧದಷ್ಟು ನನ್ನ ಹೊಟ್ಟೆ ಸೇರುತ್ತಿತ್ತು. ತಿಂದು, ಪಕ್ಕದ ಮನೆಯ ಸೆಲ್ವಿ ಅಕ್ಕನ ಮಗಳ ಜೊತೆ ರಸ್ತೆಯ ಮೇಲೆ ಇದ್ದಿಲಿನಲ್ಲಿ ಮನೆ ಬರೆದು ಕುಂಟಾಬಿಲ್ಲೆ ಆಡುತ್ತಿದ್ದೆ.

ಅಜ್ಜಿಯದೊಂದು ಕಾನೂನಿತ್ತು. ಮಗು ನೋಡಲು ಬಂದವರು ಅಂಗಳದ ನಲ್ಲಿಯಲ್ಲಿ ಕಾಲು ತೊಳೆದು, ನಡುಮನೆಯಲ್ಲಿ ಸ್ವಲ್ಪ ಹೊತ್ತು ಕೂತು, ಆಮೇಲೇ ಬಾಣಂತಿ ಕೋಣೆಗೆ ಹೋಗಬೇಕು. ಬೀದಿಯ ಗಾಳಿ ಮಗುವಿಗೆ ಸೋಕಬಾರದಂತೆ. ಬಂದವರು ಎಂಥ ದೊಡ್ಡ ಮನುಷ್ಯರಾದರೂ ರಿಯಾಯಿತಿ ಇರಲಿಲ್ಲ. ಆದರೆ ಮನೆಯವರಿಗೆ ಈ ಕಾನೂನು ಅನ್ವಯಿಸುತ್ತಿರಲಿಲ್ಲ. ಮನೆಯವರ ನೆಗಡಿಯನ್ನು ಯಾರೂ ನೆಗಡಿ ಎಂದು ಪರಿಗಣಿಸುತ್ತಿರಲಿಲ್ಲ.

ಆ ವಾರ ನಮಗೆಲ್ಲ ನೆಗಡಿ. ಮೊದಲು ಯಾರಿಗೆ ಬಂತು, ಯಾರಿಂದ ಯಾರಿಗೆ ಹೋಯಿತು ಎಂಬುದು ಯಾರಿಗೂ ಗೊತ್ತಿಲ್ಲ. ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಲೇ ಪಾಪುವಿಗೆ ನೀರು ಹಾಕಿದಳು, ಅಮ್ಮ ಕೆಮ್ಮುತ್ತಲೇ ಹಾಲು ಕೊಟ್ಟಳು, ನಾನು ಸೀನುತ್ತಲೇ ಅವನ ಕೆನ್ನೆಗೆ ಮುತ್ತು ಕೊಟ್ಟೆ. ಎರಡು ದಿನ ಬಿಟ್ಟು ಪಾಪುವಿನ ಮೂಗೂ ಸೋರತೊಡಗಿತು.

“ಅಮ್ಮಾ, ಇವ್ನು ಹಾಲು ಕುಡೀತಿಲ್ಲ ಕಣೇ. ಎರಡು ಗುಟುಕು ಎಳೀತಾನೆ, ಬಿಡ್ತಾನೆ. ಏದುಸಿರು ಬಿಡ್ತಾನೆ. ಡಾಕ್ಟ್ರಿಗೆ ತೋರ್ಸೋಣ” ಎಂದಳು ಅಮ್ಮ.

“ಕಣ್ಣಾಗಿದೆ ಮಾರಾಯ್ತಿ. ಮೊನ್ನೆ ಬಂದ ಹೆಂಗಸ್ರು ಎಷ್ಟು ಗುಂಡುಗುಂಡಗಿದಾನೆ ಅಂದ್ರಲ್ಲ! ಸಂಜೆ ದೃಷ್ಟಿ ತೆಗೀತೀನಿ, ಸುಮ್ನಿರು.”

ದೃಷ್ಟಿ ತೆಗೆಯುವುದು ಹೇಗೆಂದು ಬಹಳ ಮಂದಿಗೆ ಗೊತ್ತಿರುತ್ತದೆ. ಹಿಡಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮಗುವಿಗೆ ನಿವಾಳಿಸಿ, ಹಿತ್ತಲಿನ ಹಂಡೆ ಒಲೆಯ ಕೆಂಡಕ್ಕೆ ಹಾಕುವುದು. ಘಾಟು ಎದ್ದರೆ ಕಣ್ಣಾಗಿಲ್ಲ, ಬೇರೇನೋ ಇದೆ ಎಂದರ್ಥ. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲವೆಂದರೆ ಕಣ್ಣೇ ಆಗಿದೆ, ಅದು ಬೆಂಕಿಗೆ ಹೋಯಿತು ಎಂದರ್ಥ. ಅಜ್ಜಿಗೆ ಈ ಪರೀಕ್ಷೆಯ ಮೇಲೆ ಪೂರ್ತಿ ನಂಬಿಕೆ.

“ಬಂತೇನ್ರೇ ಘಾಟು?” ಎಂದು ಕೇಳಿದಳು. ನಾನು ಮೂಗು ಎಳೆದುಕೊಂಡು ಇಲ್ಲ ಎಂದೆ. ಅಮ್ಮನೂ ಇಲ್ಲ ಎಂದಳು. “ನೋಡಿದ್ರಾ, ನಂಗೂ ಬರ್ಲಿಲ್ಲ!” ಎಂದು ಅಜ್ಜಿ ನಿರಾಳವಾಗಿ ಒಳಗೆ ಹೋದಳು. ಕೆಮ್ಮು ಬಂದಿತ್ತು, ನಿಜ. ಆದರೆ ಅದು ವಾರದಿಂದ ಬರುತ್ತಲೇ ಇತ್ತಲ್ಲ.

ಮರುದಿನ ಬೆಳಗ್ಗೆ ಬಿಸಿನೀರು ಹುಯ್ದಾಗ ಪಾಪು ಕಿರುಚಲಿಲ್ಲ, ಸಣ್ಣಗೆ ನರಳಿದ. ಅಮ್ಮ ಮತ್ತೆ ಡಾಕ್ಟರ ಮಾತೆತ್ತಿದಳು. “ಕಣ್ಣು ಪೂರ್ತಿ ಇಳಿದಿಲ್ಲ, ಇನ್ನೊಂದ್ಸಲ ತೆಗೀತೀನಿ” ಎಂದಳು ಅಜ್ಜಿ. ಮಧ್ಯಾಹ್ನವೆಲ್ಲ ನಾನು ಅವನ ಪಕ್ಕ ಕೂತಿದ್ದೆ. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ನನಗೆ ಭಯವಾಯಿತು. ಕುಂಟಾಬಿಲ್ಲೆಗೆ ಕರೆದರೂ ಹೋಗಲಿಲ್ಲ.

ಸಂಜೆ ಮತ್ತೆ ಮೆಣಸಿನಕಾಯಿ ಕೆಂಡಕ್ಕೆ ಬಿತ್ತು. ಮತ್ತೆ ಯಾರಿಗೂ ಘಾಟಿಲ್ಲ. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಜೋರು ಕೆಮ್ಮು ಕೇಳಿತು. ಸೆಲ್ವಿ ಅಕ್ಕ ಗೋಡೆಯ ಮೇಲೆ ತಲೆ ಎತ್ತಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ಅಯ್ಯಯ್ಯೋ, ಎನ್ನಮ್ಮಾ ಇದು! ಮೆಣಸಿನ್ಕಾಯಿ ಸುಟ್ಟು ಸಾಯಿಸ್ತೀರಾ ನಮ್ಮನ್ನ? ನಿನ್ನೇನೂ ಹಿಂಗೇ. ಮನೇಲಿ ಎಲ್ರೂ ಕೆಮ್ಮಿ ಕೆಮ್ಮಿ ಸಾಕಾಯ್ತು.”

“ನಿನ್ನೇನೂ ಘಾಟು ಬಂತಾ?” ಅಜ್ಜಿ ಕೇಳಿದಳು.

“ಬಂತಾ ಅಂತ ಕೇಳ್ತೀರಲ್ಲ! ಊಟ ಮಾಡಕ್ಕಾಗ್ಲಿಲ್ಲ.”

ಅಜ್ಜಿ ಒಲೆಯ ಕಡೆಯಿಂದ ತಿರುಗಿದಳು. ನನ್ನ ಮೂಗನ್ನು ನೋಡಿದಳು, ಬಾಗಿಲಲ್ಲಿ ನಿಂತಿದ್ದ ಅಮ್ಮನ ಕೆಂಪಾದ ಮೂಗನ್ನು ನೋಡಿದಳು.

“ನಮ್ಮೆಲ್ರ ಮೂಗೂ ಕಟ್ಟಿದೆ ಕಣ್ರೇ. ಘಾಟು ಗೊತ್ತಾಗೋದಾದ್ರೂ ಹೆಂಗೆ? ಇದು ಕಣ್ಣಲ್ಲ. ಏಳು, ಮಗೂನ ಎತ್ಕೋ. ಸೆಲ್ವೀ, ನಿನ್ ಗಂಡಂಗೆ ಆಟೋ ತೆಗಿಯಕ್ಕೆ ಹೇಳು!”

ನ್ಯೂಟೌನಿನ ಡಾಕ್ಟರು ಅಂಗಿ ಎತ್ತಿ ಎದೆ ನೋಡಿದವರೇ, “ಆಕ್ಸಿಜನ್ ಬೇಕು, ಶಿವಮೊಗ್ಗಕ್ಕೆ ಕರ್ಕೊಂಡ್ ಹೋಗಿ” ಎಂದು ತಾವೇ ಒಂದು ಕಾರು ಗೊತ್ತುಮಾಡಿಕೊಟ್ಟರು. ಕಾರಿನಲ್ಲಿ ಅಜ್ಜಿ ಪಾಪುವನ್ನು ಎದೆಗೆ ನೆಟ್ಟಗೆ ಒರಗಿಸಿಕೊಂಡಿದ್ದಳು. ಅವನ ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಅಮ್ಮ ಅವನ ಪಾದ ಉಜ್ಜುತ್ತಿದ್ದಳು. ಮಲವಗೊಪ್ಪ ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಮೂಗಿಗೆ ಸಣ್ಣ ನಳಿಕೆ ಹಾಕಿದರು. ಅಪ್ಪ ಓಡಿ ಬಂದಿದ್ದ. ಮಕ್ಕಳ ಡಾಕ್ಟರು ಬಿಡಿಸಿ ಹೇಳಿದರು: “ಇದು ವೈರಸ್ಸು. ನಿಮಗೆಲ್ಲ ಬಂದಿರೋದೂ ಇದೇ ಇರಬೇಕು. ದೊಡ್ಡವರಿಗೆ ನೆಗಡೀಲಿ ಮುಗಿಯುತ್ತೆ, ಇಷ್ಟು ಚಿಕ್ಕ ಮಗೂಗೆ ಎದೆಗಿಳಿಯುತ್ತೆ. ಒಳಗಿನ ಸಣ್ಣ ಸಣ್ಣ ನಾಳ ಊದಿಕೊಂಡು ಕಫ ಕಟ್ಟುತ್ತೆ. ಇದನ್ನ ಕೊಲ್ಲೋ ಔಷಧಿ ಇಲ್ಲ. ಆಕ್ಸಿಜನ್ ಕೊಡ್ತೀವಿ, ಮೂಗು ಕ್ಲೀನ್ ಮಾಡ್ತೀವಿ, ಟ್ಯೂಬಲ್ಲಿ ಹಾಲು ಕೊಡ್ತೀವಿ. ಕಾಯಬೇಕು.”

“ತಡ ಮಾಡಿದ್ದು ನಾನು ಡಾಕ್ಟ್ರೇ. ಇವ್ಳು ಮೊದ್ಲೇ ಹೇಳಿದ್ಲು, ನಾನು ಕೇಳ್ಲಿಲ್ಲ” ಎಂದಳು ಅಜ್ಜಿ. ಯಾರೂ ಅವಳನ್ನು ಕೇಳಿರಲಿಲ್ಲ. ಅಪ್ಪ ಏನೋ ಬಿರುಸಾಗಿ ಹೇಳಲು ಬಾಯಿ ತೆರೆದವನು, ಅವಳಿಗೆ ಕೂರಲು ಕುರ್ಚಿ ಎಳೆದುಕೊಟ್ಟ.

ಕಾದೆವು. ಒಂದು ಬೆಳಗ್ಗೆ ನರ್ಸು ಮೂಗು ಕ್ಲೀನ್ ಮಾಡಲು ಹೋದಾಗ ಪಾಪು ವಾರ್ಡೆಲ್ಲ ಎದ್ದು ಕೂರುವಂತೆ ಕಿರುಚಿದ. ಅಮ್ಮ ನಗುತ್ತ ಅಳುತ್ತ ಗೋಡೆಗೆ ಒರಗಿದಳು. ಅಷ್ಟು ಚೆಂದದ ಅಳುವನ್ನು ನಾನು ಮತ್ತೆ ಕೇಳಿಲ್ಲ.

ಭದ್ರಾವತಿಗೆ ಮರಳಿದಾಗ ಬೀದಿಯ ಹೆಂಗಸರು ಮಗು ಉಳಿದದ್ದು ಅಜ್ಜಿಯ ಕೈಗುಣದಿಂದಲೇ ಎಂದು ಹೊಗಳಲು ಬಂದರು. ಅಜ್ಜಿ ಹೊಗಳಿಸಿಕೊಳ್ಳಲಿಲ್ಲ. ಮೂಗು ಕಟ್ಟಿದ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದಳು. ಆಮೇಲೂ ಯಾವ ಬಾಣಂತಿ ಮನೆಗೆ ಎಣ್ಣೆ ನೀರಿಗೆ ಹೋದರೂ ಬಾಗಿಲಲ್ಲೇ, “ಮನೇಲಿ ಯಾರಿಗಾದ್ರೂ ನೆಗಡಿ ಇದ್ಯಾ? ಇದ್ರೆ ಮಗು ಹತ್ರ ಸುಳೀಬೇಡಿ. ನನ್ ದಡ್ಡತನಕ್ಕೆ ಮೊಮ್ಮಗ ಹೋಗೇಬಿಡ್ತಿದ್ದ” ಎನ್ನುತ್ತಿದ್ದಳು. ತನಗೇ ನೆಗಡಿಯಾದರೆ ಹೋಗುತ್ತಲೇ ಇರಲಿಲ್ಲ. ಕೇಳಿಸಿಕೊಳ್ಳಲು ನಮಗೇ ಮುಜುಗರ, ಅವಳಿಗಿಲ್ಲ.

ಕಳೆದ ಮಳೆಗಾಲ ವಿನೋಬನಗರದ ನಮ್ಮ ಮನೆಯಲ್ಲಿ ನನ್ನ ಪುಟ್ಟ ಮಗಳಿಗೆ ಅದೇ ಆಯಿತು. ಆಗ ನಮಗೆ ಹೆಸರು ಗೊತ್ತಿರದಿದ್ದ ಕಾಯಿಲೆಗೆ ಈಗ ರಿಪೋರ್ಟಿನಲ್ಲಿ ಆರ್‌ಎಸ್‌ವಿ ಎಂಬ ಹೆಸರಿದೆ. ಪಕ್ಕೆ ಸೆಳೆಯುವುದು ಕಂಡೊಡನೆ ಆಸ್ಪತ್ರೆಗೆ ಒಯ್ದೆ, ಬೇಗ ಗುಣವಾದಳು. ಅಷ್ಟರೊಳಗೆ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಜೇನು ನೆಕ್ಕಿಸು ಎಂದಿದ್ದರು, ಒಬ್ಬರು ಆವಿ ಕೊಡು, ಇನ್ನೊಬ್ಬರು ಏನೂ ಆಗಲ್ಲ ಸುಮ್ಮನಿರು ಎಂದಿದ್ದರು. ಯಾವುದನ್ನೂ ಮಾಡಲಿಲ್ಲ. ಮಗಳು ಮನೆಗೆ ಬಂದ ದಿನ ಮೂವರೂ, “ನಾನ್ ಹೇಳ್ಲಿಲ್ವಾ?” ಎಂದು ಬರೆದರು. ನನಗೆ ಸಿಟ್ಟು ಬಂತು, ಆಮೇಲೆ ಅಜ್ಜಿ ನೆನಪಾಗಿ ಅಳು ಬಂತು. ಅವಳು ಹೋದ ಮೇಲೆ ನಮ್ಮ ಮನೆತನದಲ್ಲಿ ತಪ್ಪು ಮಾಡಿದವರು ಒಬ್ಬರೂ ಇಲ್ಲ.