ನಮ್ಮ ಹೋಟೆಲಿನ ಮುಂದೆ ಗುದ್ದಲಿ ಪೂಜೆ

ಕೀಲ್ಪಾಕಿನ ನಮ್ಮ ಹೋಟೆಲಿನ ಎದುರಿಗೇ ಮೆಟ್ರೊ ನಿಲ್ದಾಣಕ್ಕೆ ನೆಲ ಅಗೆಯುತ್ತಾರೆ, ಆ ಕೆಲಸದ ಎಂಜಿನಿಯರು ನಾನೇ ಎಂದು ಅಪ್ಪನಿಗೆ ಹೇಳಲು ನನಗೆ ಬಹಳ ದಿನ ಧೈರ್ಯ ಸಾಲಲಿಲ್ಲ. ಹೇಳಿದ ದಿನ ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಮೊದ್ಲ್ ಗುದ್ದಲಿ ಬಿದ್ದ ದಿನ ನಾ ಬಾಗ್ಲ್ ಹಾಕಿ ಊರಿಗೆ ಹೋಪುದೇ" ಅಂದರು. ಅಷ್ಟೇ. ಆಮೇಲೆ ನನ್ನ ಹತ್ತಿರ ಮಾತೇ ಇಲ್ಲ. ಊಟಕ್ಕೆ ಕೂತರೆ, "ಸಾರು ಬೇಕಾ ಅಂತ ಕೇಳು ಅವಳ ಹತ್ರ" ಎಂದು ಅಮ್ಮನಿಗೆ ಹೇಳುವುದು. ನಾನು ಎದುರಿಗೇ ಕೂತಿರುತ್ತಿದ್ದೆ.

ಅಪ್ಪ ಕೋಟದ ಕಡೆಯಿಂದ ಈ ತಮಿಳು ಊರಿಗೆ, ಇದೇ ಹೋಟೆಲಿಗೆ ಲೋಟ ತೊಳೆಯಲು ಬಂದವರು. ಕೊನೆಗೆ ಇದನ್ನೇ ಕೊಂಡವರು. ಮೆಡಿಕಲ್ ಕಾಲೇಜಿನ ಹುಡುಗರು, ಆಸ್ಪತ್ರೆಯಲ್ಲಿ ರೋಗಿ ಕಾಯುವವರು, ಎಲ್ಲರೂ ರಸ್ತೆಯಿಂದ ನೇರ ಒಳಗೆ ಬರುವ ಗಿರಾಕಿಗಳು. ಮುಂದೆ ಆಳೆತ್ತರದ ತಗಡಿನ ಬೇಲಿ ನಿಂತರೆ ಒಳಗೊಂದು ಹೋಟೆಲು ಇದೆ ಎಂದು ಯಾರಿಗೆ ಕಾಣುತ್ತದೆ? ಅದು ಒಂದೆರಡು ತಿಂಗಳ ಕೆಲಸವೂ ಅಲ್ಲ, ವರ್ಷಗಟ್ಟಲೆಯದು. ಅಪ್ಪನ ಭಯ ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಸಿಟ್ಟಿನಲ್ಲಿ ನಾನೇನು ಅವರಿಗೆ ಕಡಿಮೆಯೇ? ನಾನೂ ಸೋಲಲಿಲ್ಲ. "ಮೊಸರು ಸಾಕು ಅಂತ ಹೇಳಮ್ಮ ಅವರಿಗೆ" ಎನ್ನುತ್ತಿದ್ದೆ.

ಪೂಜೆಯ ದಿನ ಬಂತು. ಮಂತ್ರಿಗಳ ದೊಡ್ಡ ಸಮಾರಂಭ ಬೇರೆ ಕಡೆ ಎಂದೋ ಆಗಿತ್ತು. ಇದು ನಮ್ಮ ನಿಲ್ದಾಣದ ಮಟ್ಟಿಗೆ ನಾವೇ ಇಟ್ಟುಕೊಂಡದ್ದು. ಈಶಾನ್ಯ ಮೂಲೆಯಲ್ಲೇ ಮೊದಲು ಅಗೆಯಬೇಕು ಎಂದು ಪುರೋಹಿತರು ಹೇಳಿದರು. ನಕ್ಷೆ ನೋಡಿದರೆ ಆ ಮೂಲೆ ಸರಿಯಾಗಿ ನಮ್ಮ ಹೋಟೆಲಿನ ಮೆಟ್ಟಿಲ ಮುಂದೆ. ನನ್ನ ಹಣೆಬರಹ ನೋಡಿ.

ಫಲಾಹಾರಕ್ಕೆ ಆರ್ಡರ್ ಬಂದದ್ದೂ ನಮ್ಮ ಹೋಟೆಲಿಗೇ. ಅಪ್ಪ ಬೇಡ ಅನ್ನಲಿಲ್ಲ, ವ್ಯಾಪಾರದಲ್ಲಿ ಅವರು ಮುನಿಸು ತರುವವರಲ್ಲ. ಆದರೆ ತಗಡಿನ ಒಳಗೆ ಕಾಲಿಡಲಿಲ್ಲ. ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಪೊಂಗಲಿನ ಪಾತ್ರೆ, ಕಾಫಿಯ ಡ್ರಮ್ಮು, ಎಲ್ಲವನ್ನೂ ಸಪ್ಲೈಯರ್ ಕೈಯಲ್ಲಿ ಒಂದೊಂದಾಗಿ ದಾಟಿಸಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಮ್ಮ ಜೊತೆ ಐರ್ಲೆಂಡಿನ ಒಬ್ಬ ಹಿರಿಯ ಎಂಜಿನಿಯರಿದ್ದ. ಪುರೋಹಿತರು ರಂಗೋಲಿ ಹಾಕುವಾಗ ಅವನು ತನ್ನ ದೇಶದ ಕಥೆ ಹೇಳಿದ. ಅಲ್ಲಿ ಮೊದಮೊದಲು ರೈಲು ದಾರಿ ಹಾಕುವಾಗ ಹೀಗೆಯೇ ಹಬ್ಬವಂತೆ. ಬೆಳ್ಳಿಯ ಸಲಿಕೆ, ಮಿರಮಿರ ಮಿಂಚುವ ಮರದ ಕೈಗಾಡಿ. ಊರಿನ ದೊಡ್ಡಮನೆಯ ದೊರೆಸಾನಿ ಬಂದು ಒಂದು ಹೆಂಟೆ ಮಣ್ಣೆತ್ತಿ ಗಾಡಿಗೆ ಹಾಕಿ, ಹಲಗೆಯ ಮೇಲೆ ನಾಲ್ಕು ಹೆಜ್ಜೆ ತಳ್ಳಿ ಸುರಿದರೆ ಬ್ಯಾಂಡು ಬಾರಿಸುತ್ತಿತ್ತಂತೆ. ಆಮೇಲೆ ಡೇರೆಯೊಳಗೆ ಸಂಜೆಯವರೆಗೆ ಊಟ, ಭಾಷಣ. "ಹಾಗಾದರೆ ಅಗೆದವರು ಯಾರು?" ಎಂದೆ. "ನಮ್ಮ ಮುತ್ತಾತನಂಥವರು. ಡೇರೆಯ ಹೊರಗಿದ್ದರು" ಎಂದು ನಕ್ಕ. ನಾನೂ ನಕ್ಕೆ, ಆದರೆ ಕಣ್ಣು ಮೆಟ್ಟಿಲ ಮೇಲಿತ್ತು.

ಅಷ್ಟರಲ್ಲಿ ಪೂಜೆಯೇ ನಿಂತಿತು. ಸಂಕಲ್ಪಕ್ಕೆ ಯಜಮಾನರು ಬೇಕು. ಯಾರ ಹೆಸರಿನಲ್ಲಿ ಪೂಜೆಯೋ ಅವರ ಗೋತ್ರ, ನಕ್ಷತ್ರ ಹೇಳಬೇಕು. ಕಂಪನಿಗೆ ಎಲ್ಲಿಯ ಗೋತ್ರ? ಕೂರಬೇಕಿದ್ದ ನಮ್ಮ ದೊಡ್ಡ ಅಧಿಕಾರಿಗೆ ಆಗಷ್ಟೇ ಫೋನು ಬಂದಿತ್ತು, ಚಿಕ್ಕಪ್ಪ ತೀರಿಕೊಂಡು ಸೂತಕ. ಅವರು ದೂರ ನಿಂತು ನನ್ನ ಕಡೆ ಕೈ ತೋರಿಸಿದರು. "ಇಲ್ಲಿಯ ಜವಾಬ್ದಾರಿ ಇವರದೇ." ಪುರೋಹಿತರು ನನ್ನ ಬರಿಗೊರಳು ನೋಡಿ ತಮಿಳಿನಲ್ಲಿ ಮೆಲ್ಲಗೆ ಕೇಳಿದರು, "ಮದುವೆಯಾಗಿಲ್ಲವೇನಮ್ಮಾ? ಅಪ್ಪ ಇದ್ದಾರಾ? ಅವರು ಕೂತರೆ ಆಯಿತು. ಬೇಗ, ರಾಹುಕಾಲ ಬರುತ್ತೆ."

ನಾನು ತಗಡಿನ ಸಂದಿಯಿಂದ ಮೆಟ್ಟಿಲ ಕಡೆ ನೋಡಿದೆ. ಎಲ್ಲರೂ ಅತ್ತಲೇ ತಿರುಗಿದರು. ಅಪ್ಪ ಹೆಗಲ ಮೇಲಿನ ಬೈರಾಸು ಸರಿಮಾಡಿಕೊಂಡರು. ಇನ್ನು ಒಳಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾರೆ, ನಾಳೆ ಬೀಗ, ನಾಡಿದ್ದು ಊರಿನ ಬಸ್ಸು ಎಂದುಕೊಂಡೆ.

ಅಪ್ಪ ಇಳಿದು ಬಂದರು. ತಗಡಿನ ಸಂದಿಯಲ್ಲಿ ಚಪ್ಪಲಿ ಬಿಟ್ಟು, ಪುರೋಹಿತರ ಮುಂದೆ ನಿಂತು ಕೈ ಮುಗಿದರು. ಪುರೋಹಿತರು ಮಣೆ ಸರಿಸಿದರು. ಅಪ್ಪ ಕೂರಲಿಲ್ಲ. ತಮ್ಮ ಹೋಟೆಲು ತಮಿಳಿನಲ್ಲಿ, "ಕೆಲಸ ಇವಳದು ಸ್ವಾಮಿ. ಕೂರುವವಳೂ ಇವಳೇ. ಗೋತ್ರ ನಾನು ಹೇಳುತ್ತೇನೆ" ಎಂದರು. ಪುರೋಹಿತರು ಏನೋ ಹೇಳಲು ಬಾಯಿ ತೆರೆದರು. "ಇಷ್ಟು ಜನ ಗಂಡಸರು ಇವಳು ಹೇಳಿದ ಹಾಗೆ ಅಗೆಯುತ್ತಾರೆ. ದೇವರು ಕೇಳುವುದಿಲ್ಲವಾ?" ಎಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ, "ಕೂಕೋ ಮಗಾ" ಅಂದರು.

ನಾನು ಹೆಲ್ಮೆಟ್ ತೆಗೆದಿಟ್ಟು ಕೂತೆ. ಅಪ್ಪ ನನ್ನ ಹಿಂದೆ ನಿಂತು ಗೋತ್ರ ಹೇಳಿದರು, ನಕ್ಷತ್ರ ಹೇಳಿದರು, ನನ್ನ ಹೆಸರನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ನನಗೆ ಪದವಿ ಕೊಟ್ಟ ದಿನವೂ ನಾನು ಅಷ್ಟು ಬೀಗಿರಲಿಲ್ಲ. ಅರಿಶಿನ ಕುಂಕುಮ ಹಚ್ಚಿದ ಗುದ್ದಲಿ ಕೈಗೆ ಬಂತು. ಮೊದಲ ಏಟಿಗೆ ಹಳೆಯ ಡಾಂಬರು ಜಗ್ಗಲಿಲ್ಲ. ಎರಡನೆಯದಕ್ಕೆ ಒಂದು ಚಕ್ಕೆ ಎದ್ದು, ಕೆಳಗಿನ ಕೆಂಪು ಮಣ್ಣು ಕಂಡಿತು.

ಜನ ಚಪ್ಪಾಳೆ ತಟ್ಟುವಾಗ ನಾನು ಅಪ್ಪನನ್ನು ಹುಡುಕಿದೆ. ಅವರು ಆಗಲೇ ಮೆಟ್ಟಿಲ ಹತ್ತಿರ ಸಪ್ಲೈಯರನ್ನು ನಿಲ್ಲಿಸಿಕೊಂಡಿದ್ದರು. "ತರಕಾರಿ ಮೂಟೆ ಬಪ್ಪ ಹಿಂದಿನ್ ಬಾಗ್ಲ್ ಇತ್ತಲ್ದಾ, ಅದ್ನ ತೊಳ್ದ್ ತೋರಣ ಕಟ್ಟು. ನಾಳೆಯಿಂದ ಗಿರಾಕಿ ಆ ಓಣಿಲೇ ಬರ್ಲಿ."