ಹೆರಿಗೆ ಕೋಣೆಯ ನಲ್ಲಿಗೆ ನೀರು ಕೋರಿ

ಯಾವ ಆಸ್ಪತ್ರೆಗೆ ಹೋದರೂ ವೈದ್ಯರ ಮುಖ ನೋಡುವುದಕ್ಕೆ ಮೊದಲು ಅಲ್ಲಿನ ನಲ್ಲಿಯನ್ನೊಮ್ಮೆ ತಿರುಗಿಸಿ ನೋಡುವ ಅಭ್ಯಾಸವೊಂದು ನನಗೆ ಅಂಟಿಕೊಂಡಿರುವ ಸಂಗತಿಯನ್ನು ಓದುಗ ಮಹಾಶಯರ ಅವಗಾಹನೆಗೆ ಮೊದಲಿಗೇ ತರಬಯಸುತ್ತೇನೆ. ಜ್ವರ ನನ್ನದಿರಲಿ, ಮನೆಯವರದಿರಲಿ, ನೋಡಲು ಹೋದ ನೆಂಟರದಿರಲಿ, ದೇವಸ್ಥಾನಕ್ಕೆ ಕಾಲಿಟ್ಟವನ ಕೈ ಗಂಟೆಯತ್ತ ಏಳುವಂತೆ ನನ್ನ ಕೈ ನಲ್ಲಿಯತ್ತ ಚಾಚಿಕೊಳ್ಳುತ್ತದೆ. ಒಮ್ಮೆ ಹರಪನಹಳ್ಳಿಯಲ್ಲಿ, ಅಂದರೆ ನನ್ನ ಹೆಂಡತಿಯ ತವರಿನಲ್ಲಿ, ಮಾವನವರನ್ನು ಆಸ್ಪತ್ರೆಗೆ ಸೇರಿಸಿದ್ದಾಗ ನಾನು ರೋಗಿಯ ಹಾಸಿಗೆಯನ್ನು ದಾಟಿ ನೇರವಾಗಿ ಬಚ್ಚಲಿನ ಕಡೆಗೆ ನಡೆದದ್ದನ್ನು ಕಂಡು, ಆಕೆ ಅಣ್ಣತಮ್ಮಂದಿರೆಲ್ಲರ ಎದುರಿಗೇ, "ನೀವೇನು ಈ ಆಸ್ಪತ್ರಿ ಕೊಂಡ್ಕೊಳ್ಳಾಕ ಬಂದೀರೇನು?" ಎಂದು ಕೇಳಿದ್ದುಂಟು. ಆ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಈ ಮೂಲಕ ಸಲ್ಲಿಸುತ್ತಿದ್ದೇನೆ.

ಇದು ನನ್ನ ಮೊದಲ ಬರಹವಾದ್ದರಿಂದ ಲೋಪದೋಷಗಳನ್ನು ಮನ್ನಿಸಬೇಕೆಂದು ಕೋರುವುದು ಕ್ರಮ. ಉದ್ಯೋಗದಲ್ಲಿ ಗುಮಾಸ್ತನಾದ ನಾನು "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಶುರುಮಾಡಿ "ತಮ್ಮ ವಿಶ್ವಾಸಿ" ಎಂದು ಮುಗಿಸುವುದರ ಹೊರತು ಬೇರೆ ಸಾಹಿತ್ಯವನ್ನು ರಚಿಸಿದವನಲ್ಲ. ಮದುವೆಯಾದ ಹೊಸತರಲ್ಲಿ ತವರಿಗೆ ಹೋಗಿದ್ದ ಹೆಂಡತಿಗೆ ಬರೆದ ಕಾಗದದಲ್ಲಿ, ಅಭ್ಯಾಸಬಲದಿಂದ, "ಉಲ್ಲೇಖ: ತಮ್ಮ ಹಿಂದಿನ ಪತ್ರ" ಎಂದು ಮೇಲ್ಗಡೆ ನಮೂದಿಸಿಬಿಟ್ಟಿದ್ದೆ. ಆ ಕಾಗದವನ್ನು ಆಕೆ ಇಂದಿಗೂ ಕಾಪಿಟ್ಟಿದ್ದಾಳೆ. ಪ್ರೀತಿಯಿಂದಲೋ ತಂಗಿಯರಿಗೆ ಓದಿ ತೋರಿಸಿ ನಗಿಸುವುದಕ್ಕೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕೂಡ್ಲಿಗಿ ತಾಲ್ಲೂಕಿನಲ್ಲಿ, ಗುಡೇಕೋಟೆಯ ಕಡೆಗೆ ಸಾಗುವ ಕುರುಚಲು ಗುಡ್ಡಗಳ ಸಾಲಿನಲ್ಲಿರುವ ಒಂದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನನ್ನನ್ನು ವರ್ಗಾಯಿಸಲಾಯಿತು. ಊರಿನ ಹೆಸರನ್ನು ಬರೆದರೆ ವಿವರಣೆ ಕೇಳಿ ನೋಟೀಸು ಬಂದೀತೆಂಬ ಹಳೆಯ ಭಯದಿಂದ ಅದನ್ನು ಕೈಬಿಟ್ಟಿದ್ದೇನೆ. ಕಟ್ಟಡಕ್ಕೇನೂ ಕುಂದಿರಲಿಲ್ಲ. ಹೆರಿಗೆ ಕೋಣೆಯಿತ್ತು, ಕೋಣೆಯೊಳಗೆ ಬಿಳಿಯ ತೊಟ್ಟಿಯಿತ್ತು, ತೊಟ್ಟಿಯ ಮೇಲೆ ಥಳಥಳಿಸುವ ನಲ್ಲಿಯಿತ್ತು, ಹಿತ್ತಿಲಲ್ಲಿ ಶೌಚಾಲಯವಿತ್ತು, ಮಾಳಿಗೆಯ ಮೇಲೆ ಕರಿಯ ಟ್ಯಾಂಕೂ ಇತ್ತು. ಇಷ್ಟೆಲ್ಲ ಅಂಗೋಪಾಂಗಗಳಿದ್ದ ಆ ದೇಹದಲ್ಲಿ ಹರಿಯಬೇಕಾಗಿದ್ದ ನೀರೊಂದು ಇರಲಿಲ್ಲ. ಬೋರು ಬತ್ತಿ ಹೋಗಿತ್ತು. ಶೌಚಾಲಯಕ್ಕೆ ಬೀಗ ಬಿದ್ದು, ಆ ಬೀಗಕ್ಕೂ ತುಕ್ಕು ಹಿಡಿದಿತ್ತು.

ಹೀಗಾಗಿ ಆ ಸೀಮೆಯಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆದಿತ್ತು. ಹೆರಿಗೆಗೆ ಬರುವವರು ತಮ್ಮ ನೀರನ್ನು ತಾವೇ ತರಬೇಕು. ದಾರಿಯಲ್ಲಿ ಹೋಗುವ ಗಾಡಿಯೋ ಟ್ರ್ಯಾಕ್ಟರೋ ಹೆರಿಗೆಯದೆಂದು ಗುರುತಿಸಲು ಒಳಗೆ ಮಲಗಿದ ಹೆಂಗಸನ್ನು ನೋಡಬೇಕಾಗಿರಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿದ ಕೊಡಗಳು ಸಾಲಾಗಿ ಕುಳಿತಿದ್ದರೆ ಸಾಕು, ಎದುರು ಬಂದವರು ದಾರಿ ಬಿಟ್ಟು, "ಚೊಲೋ ಆಗ್ಲಿ ಯವ್ವಾ" ಎಂದು ಹಾರೈಸುತ್ತಿದ್ದರು. ಹೆರಿಗೆ ಮಾಡಿಸುತ್ತಿದ್ದ ನಮ್ಮ ಕೊಟ್ರಮ್ಮ ಸಿಸ್ಟರ್ ಬಾಗಿಲಿಗೆ ಬಂದು ಮೊದಲು ಕೊಡಗಳನ್ನು ನೋಡಿ, ಆಮೇಲೆ ಬಸುರಿಯ ನಾಡಿ ಹಿಡಿಯುತ್ತಿದ್ದರು. ಕೊಡ ಕಮ್ಮಿಯಾದವರನ್ನು ಹಿಂದಕ್ಕೆ ಕಳಿಸಿದ್ದನ್ನು ನಾನು ಕಾಣೆ. ಆದರೆ ಅಂಥ ದಿನ ಸಿಸ್ಟರ್ ಕೈ ತೊಳೆಯುವಾಗ ನೀರನ್ನು ತೀರ್ಥದಂತೆ ಬಳಸಬೇಕಾಗುತ್ತಿತ್ತು, ಮತ್ತು ತೀರ್ಥದಿಂದ ಪುಣ್ಯ ಬಂದೀತೇ ಹೊರತು ಕೈ ಶುದ್ಧವಾಗುವುದಿಲ್ಲ.

ಒಂದು ಬೇಸಿಗೆಯಲ್ಲಿ ಹೆತ್ತ ತಾಯಿಯೊಬ್ಬಳಿಗೆ ಮನೆಗೆ ಹೋದ ಮೇಲೆ ನಂಜಿನ ಜ್ವರವೇರಿ, ಆಕೆಯನ್ನು ಹಗರಿಬೊಮ್ಮನಹಳ್ಳಿಗೆ ಹೊತ್ತೊಯ್ಯಬೇಕಾಯಿತು. ಆಕೆ ಬದುಕಿ ಬಂದಳು. ಆದರೆ ಕೊಟ್ರಮ್ಮ ಸಿಸ್ಟರ್ ಮರುದಿನವೇ ನನ್ನ ಮೇಜಿನ ಮುಂದೆ ನಿಂತು ಹೇಳಿದರು: "ಅಣ್ಣಾರ, ಕೈ ತೊಳಿಯಾಕ ನೀರಿಲ್ದ ಕೋಣ್ಯಾಗ ನಾ ಬಾಳ ದಿನ ಹೆರಿಗಿ ಮಾಡ್ಸಂಗಿಲ್ರಿ. ಬರೋ ಬ್ಯಾಸಿಗಿ ಮುಗಿಯೋದ್ರಾಗ ನಳದಾಗ ನೀರು ಬಂದ್ರ ಬಂತು, ಇಲ್ಲಾಂದ್ರ ಕೋಣಿಗೆ ಕೀಲಿ ಹಾಕಿ ಎಲ್ಲಾರನ್ನೂ ಕೂಡ್ಲಿಗಿಗೆ ಕಳಿಸ್ತೀನಿ." ದಿನಕ್ಕೆರಡು ಬಸ್ಸು ಬರುವ, ಅದರಲ್ಲೊಂದು ಆಗಾಗ ಬಾರದಿರುವ ಊರಿನಿಂದ ಬೇನೆ ತಿನ್ನುವ ಹೆಂಗಸನ್ನು ಕೂಡ್ಲಿಗಿಗೆ ಕಳಿಸುವುದೆಂದರೆ ಏನೆಂಬುದು ಸಿಸ್ಟರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದರೆಂಬುದು ನನಗೂ ಗೊತ್ತಾಯಿತು.

ಆ ದಿನದಿಂದ ನನ್ನ ಲೇಖನಿಯ ಭಗೀರಥ ಪ್ರಯತ್ನ ಆರಂಭವಾಯಿತು. ವ್ಯತ್ಯಾಸವಿಷ್ಟೇ: ಭಗೀರಥನ ಕಾಲದಲ್ಲಿ ಟಪ್ಪಾಲು ಇರಲಿಲ್ಲ. ಮೇಲಿನ ಕಚೇರಿಗೆ ಬರೆದರೆ, ಸದರಿ ಸಾಲಿನಲ್ಲಿ ಅನುದಾನ ಲಭ್ಯವಿಲ್ಲವೆಂದು ಉತ್ತರ ಬಂತು. ನೀರಿನ ಇಲಾಖೆಯವರು ಇದು ಪಂಚಾಯ್ತಿಯ ಬಾಬತ್ತೆಂದರು. ಪಂಚಾಯ್ತಿಯವರು ಕಟ್ಟಡ ಆರೋಗ್ಯ ಇಲಾಖೆಯದೆಂದರು. ಒಬ್ಬ ಹಿರಿಯ ಅಧಿಕಾರಿಗಳಂತೂ ಮಳೆಗಾಲದವರೆಗೆ ಕಾಯಲು ಸೂಚಿಸಿದರು. ಕೊನೆಗೆ, ಕೊಟ್ಟೂರಿನ ಹೋಟೆಲೊಂದರಲ್ಲಿ ಮಿರ್ಚಿ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ತುಣುಕಿನಲ್ಲಿ, ಗ್ರಾಮೀಣ ಆಸ್ಪತ್ರೆಗಳಿಗೆ ನೀರು ಮತ್ತು ಶೌಚಾಲಯ ಕಲ್ಪಿಸಲು ಧನಸಹಾಯ ನೀಡುವ ದೂರದ ಸಂಸ್ಥೆಯೊಂದರ ಪ್ರಕಟಣೆ ಎಣ್ಣೆಯಲ್ಲಿ ಪಾರದರ್ಶಕವಾಗಿ ಹೊಳೆಯಿತು. ಇಷ್ಟು ಪಾರದರ್ಶಕವಾದ ಪ್ರಕಟಣೆ ಇನ್ನೊಂದನ್ನು ನಾನು ಸೇವಾವಧಿಯಲ್ಲಿ ಕಂಡಿಲ್ಲ. ವೈದ್ಯಾಧಿಕಾರಿಗಳ ಸಹಿ ಪಡೆದು, ಕೊಟ್ಟೂರಿನಲ್ಲೇ ಟೈಪು ಮಾಡಿಸಿ ಅರ್ಜಿ ಕಳಿಸಿದೆ. ಕೆಲವೇ ವಾರಗಳಲ್ಲಿ, ಸ್ಥಳ ಪರಿಶೀಲನೆಗಾಗಿ ತಮ್ಮ ಪ್ರತಿನಿಧಿಗಳು ಇಂಥ ಗುರುವಾರ ಬರುವರೆಂದು ಉತ್ತರ ಬಂತು.

ಇಲ್ಲಿಂದ ಮುಂದಿನದನ್ನು ಬರೆಯುವಾಗ ಲೇಖನಿ ಸ್ವಲ್ಪ ತಡವರಿಸುತ್ತದೆ. ಊರಿಗೆ ಬರುವವರ ಸುದ್ದಿಯನ್ನು ನಾನು ಬಸಣ್ಣನವರಿಗೆ ತಿಳಿಸಿದೆ. ಅವರು ಪಂಚಾಯ್ತಿ ಸದಸ್ಯರು, ಟ್ರ್ಯಾಕ್ಟರಿನ ಒಡೆಯರು, ಊರಿನ ಮಾನಮರ್ಯಾದೆಗೆ ತಾವೇ ಜಾಮೀನು ಎಂದು ತಿಳಿದವರು. ಪರಸ್ಥಳದವರು ಬರುತ್ತಾರೆಂದೊಡನೆ ಊರಿಗೆ ಬೀಗರು ಬಂದಂತಾಯಿತು. ಬುಧವಾರ ಬಸಣ್ಣನವರ ತೋಟದ ಬಾವಿಯಿಂದ ಟ್ಯಾಂಕರಿನಲ್ಲಿ ನೀರು ಬಂತು. ಹೆಂಗಸರು ಏಣಿಯ ಮೇಲೆ ಸಾಲುಗಟ್ಟಿ ಕೊಡದಿಂದ ಕೊಡಕ್ಕೆ ದಾಟಿಸಿ ಮಾಳಿಗೆಯ ಟ್ಯಾಂಕು ತುಂಬಿದರು. ಶೌಚಾಲಯದ ಬೀಗ ಒಡೆದು ಫಿನೈಲಿನಿಂದ ತೊಳೆದರು. ಅಂಗಳಕ್ಕೆ ಸೆಗಣಿ ಸಾರಿಸಿ ರಂಗೋಲಿ ಹಾಕಿದರು. ಕೊಟ್ಟೂರಿನಿಂದ ಮಲ್ಲಿಗೆ ಪರಿಮಳದ ಸಾಬೂನು ತಂದವನು ನಾನೇ ಎಂಬುದನ್ನು ದಾಖಲೆಯ ಸಲುವಾಗಿ ನಮೂದಿಸಬೇಕಾಗಿದೆ.

ಗುರುವಾರ ಲಸಿಕೆಯ ದಿನವಾದ್ದರಿಂದ ಕೊಟ್ರಮ್ಮ ಸಿಸ್ಟರ್ ಬೆಳಿಗ್ಗೆಯೇ ತಾಂಡಾಗಳ ಕಡೆಗೆ ಹೋಗಿದ್ದರು; ವೈದ್ಯರಿಗೆ ಕೂಡ್ಲಿಗಿಯಲ್ಲಿ ಸಭೆಯಿತ್ತು. ಜೀಪಿನಿಂದ ಇಳಿದವರು ನಡುವಯಸ್ಸಿನ ಒಬ್ಬ ಮೇಡಂ, ಜೊತೆಗೆ ಟೇಪು ಹಿಡಿದ ಒಬ್ಬ ಎಂಜಿನಿಯರು. ಮೇಡಂ ಹೆರಿಗೆ ಕೋಣೆಯ ನಲ್ಲಿ ತಿರುಗಿಸಿದರು. ನೀರು ಅಬ್ಬಿಯಂತೆ ಧುಮುಕಿತು. ಅವರು ಮಲ್ಲಿಗೆ ಸಾಬೂನಿನಿಂದ ಕೈ ತೊಳೆದು, ಮೂಸಿ ನೋಡಿ, ನೀರಿನ ತೊಂದರೆಯೇನೆಂದು ಸೌಜನ್ಯದಿಂದ ಕೇಳಿದರು. ಬಸಣ್ಣನವರು ಟವೆಲ್ಲು ಹೆಗಲಿಂದ ಇಳಿಸಿ, ಕೈಮುಗಿದು, "ನಿಮ್ಮಂಥೋರ ಆಶೀರ್ವಾದದಿಂದ ನಮ್ಮೂರಾಗ ನೀರಿಗೇನು ಕೊರತಿ ಇಲ್ರಿ ಅಮ್ಮಾರ. ಎಳನೀರು ಕೆಡವಿಸ್ಲೇನ್ರಿ?" ಎಂದರು. ಮನೆಗೆ ಬಂದವರ ಮುಂದೆ ಇಲ್ಲವೆನ್ನಬಾರದೆಂಬುದು ಅವರ ಹಿರಿಯರ ಕಾಲದಿಂದ ಬಂದ ನಡತೆ. ನಾನು ಬಾಯಿ ತೆರೆದೆ. ಆದರೆ ನಾನು ಆಡಬೇಕಾದ ಮಾತಿಗೆ ಮೊದಲೇ ಆ ಬಾಯಿಗೆ ಒಗ್ಗರಣೆ ಮಂಡಕ್ಕಿ ಬಂತು.

ನೀರಿನ ವ್ಯವಸ್ಥೆ ತೃಪ್ತಿಕರವಾಗಿರುವುದರಿಂದ ಹೆಚ್ಚು ಅಗತ್ಯವುಳ್ಳ ಕೇಂದ್ರಗಳಿಗೆ ಆದ್ಯತೆ ನೀಡಲಾಗುವುದೆಂದೂ, ಸಿಬ್ಬಂದಿ ಹಾಗೂ ಗ್ರಾಮಸ್ಥರ ಸ್ವಚ್ಛತೆ ಶ್ಲಾಘನೀಯವೆಂದೂ ಸಂಸ್ಥೆಯಿಂದ ಪತ್ರ ಬಂತು. ಅಷ್ಟು ಹೊಗಳಿಕೆಯ ಪತ್ರವನ್ನು ಅಷ್ಟು ಬಾಡಿದ ಮುಖದಿಂದ ಓದಿದ ಕಚೇರಿ ಜಿಲ್ಲೆಯಲ್ಲಿ ಮತ್ತೊಂದಿರಲಿಕ್ಕಿಲ್ಲ. ಅಷ್ಟು ಹೊತ್ತಿಗೆ ಟ್ಯಾಂಕೂ ಬರಿದಾಗಿತ್ತು.

"ಬ್ಯಾನಿ ತೋರ್ಸಾಕ ಹೋಗೋವಾಗ ಯಾರರ ಪೌಡರ್ ಹಚ್ಕೊಂಡು ನಕ್ಕೋತ ಹೋಗ್ತಾರೇನ್ರಿ?" ಎಂದರು ಕೊಟ್ರಮ್ಮ ಸಿಸ್ಟರ್. ಬಸಣ್ಣನವರು, ಬಂದವರ ಮುಂದೆ ಬರಿಗೊಡ ಇಡುವುದು ಯಾವ ಊರಿನ ರಿವಾಜು ಎಂದು ಗೊಣಗಿದರು. ಸಿಸ್ಟರ್ ಅವರ ಕಡೆಗೆ ನೋಡದೆ ನನಗೆ ಹೇಳಿದರು: "ಇನ್ನೊಂದು ಬರೀರಿ ಅಣ್ಣಾರ. ಈ ಸಲ ಹೇಳಲಾರ್ದಂಗ ಬರ್ರಿ ಅಂತ ಬರೀರಿ."

ಗಣ್ಯರನ್ನು ಪೂರ್ವಸೂಚನೆಯಿಲ್ಲದೆ ದಯಮಾಡಿಸಬೇಕೆಂದು ಕೋರಿದ ಪತ್ರದ ಮಾದರಿ ನಮ್ಮ ಕಡತಗಳಲ್ಲಿ ಎಲ್ಲಿಯೂ ಸಿಗಲಿಲ್ಲ. ಮಾದರಿಯಿಲ್ಲದೆ ನಾನು ಬರೆದ ಮೊದಲ ಪತ್ರ ಅದು. ಬರೆದು ಹರಿದು, ಹರಿದು ಬರೆದು, ಕೊನೆಗೆ ಸಿಸ್ಟರಿನ ಮಾತನ್ನೇ ಆದಷ್ಟು ಸಭ್ಯಗೊಳಿಸಿ ಕಳಿಸಿದೆ. ಉತ್ತರ ಬರಲಿಲ್ಲ. ಬೇಸಿಗೆ ಬಂತು, ಏರಿತು. ಹೆರಿಗೆ ಕೋಣೆಗೆ ಹಾಕಲು ಸಿಸ್ಟರ್ ಹೊಸ ಕೀಲಿಯನ್ನೂ ತಂದು ಕಿಟಕಿಯಲ್ಲಿಟ್ಟರು.

ಹಾಗೊಂದು ಮಟಮಟ ಮಧ್ಯಾಹ್ನ ದುರುಗಮ್ಮನೆಂಬ ಮುದುಕಿ ತನ್ನ ಸೊಸೆಯನ್ನು ಹೆರಿಗೆಗೆ ಕರೆತಂದಿದ್ದಳು. ಸೊಸೆ ಸಿಸ್ಟರಿನೊಡನೆ ಒಳಗೆ. ಮುದುಕಿ ಪಡಸಾಲೆಯಲ್ಲಿ ತನ್ನ ಕೊಡಗಳ ಪಕ್ಕದಲ್ಲಿ. ಬಸಣ್ಣನವರು ಹಗರಿಬೊಮ್ಮನಹಳ್ಳಿಗೆ ಶೇಂಗಾ ಮಾರಲು ಹೋಗಿದ್ದರು. ಆಗ ಧೂಳೆಬ್ಬಿಸುತ್ತ ಅದೇ ಜೀಪು ಬಂತು. ಅದೇ ಮೇಡಂ ಇಳಿದು, ನನಗೆ ನಮಸ್ಕರಿಸಿ, ನೇರವಾಗಿ ಪಡಸಾಲೆಯ ನಲ್ಲಿಯನ್ನು ತಿರುಗಿಸಿದರು. ನಲ್ಲಿ ಒಮ್ಮೆ ನಿಟ್ಟುಸಿರಿಟ್ಟಿತು. ಒಂದು ಇರುವೆ ಹೊರಗೆ ಬಂತು. ಮೇಡಂ ಧೂಳಾದ ಕೈಯನ್ನು ನೋಡಿಕೊಂಡು, ಒಂದು ತಂಬಿಗೆ ನೀರು ಸಿಕ್ಕೀತೇ ಎಂದು ಕೇಳುತ್ತ ಹತ್ತಿರದ ಕೊಡದತ್ತ ಬಾಗಿದರು.

ದುರುಗಮ್ಮ ಕೊಡದ ಬಾಯಿಯ ಮೇಲೆ ಅಂಗೈ ಇಟ್ಟಳು.

"ತಡೀರಿ ಯವ್ವಾ. ಇದು ನನ್ನ ಸೊಸಿ ನೀರು. ಒಳಗ ಬ್ಯಾನಿ ತಿನ್ನಾಕತ್ಯಾಳ. ಇದ್ರಾಗ ಒಂದು ತಂಬಿಗಿ ಹೋದ್ರ ಕೂಸಿಗೆ ಕಮ್ಮಿ ಬೀಳ್ತೈತಿ."

ಹಗೆಯವನಿಗೂ ಮೊದಲು ಒಂದು ತಂಬಿಗೆ ನೀರು ಕೊಟ್ಟು ಆಮೇಲೆ ಜಗಳ ತೆಗೆಯುವ ಸೀಮೆ ನಮ್ಮದು. ಬಾಗಿಲಿಗೆ ಬಂದವರಿಗೆ ನೀರಿಲ್ಲವೆಂದದ್ದನ್ನು ನಾನು ಆ ಊರಿನಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ. ದುರುಗಮ್ಮನೂ ತನ್ನ ಆಯುಷ್ಯದಲ್ಲಿ ಹೇಳಿರಲಿಕ್ಕಿಲ್ಲ, ಯಾಕೆಂದರೆ ಹೇಳಿದ ಮೇಲೆ ಆಕೆ ತಲೆಯೆತ್ತಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಮೇಡಂ ಕೈಯನ್ನು ಸೆರಗಿಗೆ ಒರೆಸಿಕೊಂಡು ಬೆಂಚಿನ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ ಸಿಸ್ಟರ್ ಎರಡೂ ಕೈ ಮೇಲೆತ್ತಿಕೊಂಡು ಬಾಗಿಲಿಗೆ ಬಂದರು. ದುರುಗಮ್ಮ ನೂಲಿನಷ್ಟು ಸಣ್ಣಗೆ ನೀರು ಹೊಯ್ದಳು. ಸಿಸ್ಟರ್ ತೊಳೆದುಕೊಂಡು ಒಳಗೆ ಹೋದರು. ಬಂದವರು ಯಾರೆಂದು ತಿರುಗಿ ನೋಡಲೂ ಅವರಿಗೆ ಪುರಸತ್ತಿರಲಿಲ್ಲ. ನನ್ನ ಕೈಯಲ್ಲಿ ಅರ್ಜಿಯ ಪ್ರತಿ, ಲಗತ್ತುಗಳು ಎಲ್ಲ ಸಿದ್ಧವಾಗಿದ್ದವು. ಮೇಡಂ ಅವನ್ನು ಕೇಳಲಿಲ್ಲ.

ಹೆಣ್ಣು ಕೂಸಿನ ಅಳು ಕೇಳಿಬಂದ ಮೇಲೆ, ಒಳಗಿನದೆಲ್ಲ ತೊಳೆದು ಮುಗಿದ ಮೇಲೆ, ದುರುಗಮ್ಮ ಕೊನೆಯ ಕೊಡವನ್ನು ಬಗ್ಗಿಸಿ ಒಂದು ತಂಬಿಗೆ ತುಂಬಿಕೊಂಡು ಬಂದು ಮೇಡಂ ಮುಂದೆ ಹಿಡಿದಳು. "ಈಗ ತಗೋರಿ ಯವ್ವಾ. ನನ್ನ ಮೊಮ್ಮಗಳು ಉಳಿಸ್ಯಾಳ." ಮೇಡಂ ಅದರಲ್ಲಿ ಕೈ ತೊಳೆಯಲಿಲ್ಲ, ಕುಡಿದರು.

ಮಳೆಗಾಲಕ್ಕೆ ಮೊದಲೇ ಅನುದಾನ ಮಂಜೂರಾಯಿತು. ಹೊಸ ಬೋರು ಬಿತ್ತು, ಕೊಳವೆ ಹಾಯಿತು, ಮೊಣಕೈಯಿಂದಲೇ ತಿರುಗಿಸಬಹುದಾದ ಉದ್ದ ಹಿಡಿಯ ನಲ್ಲಿ ಹೆರಿಗೆ ಕೋಣೆಗೆ ಬಂತು. ಸಿಸ್ಟರ್ ತಂದಿಟ್ಟಿದ್ದ ಕೀಲಿ ಔಷಧಿಯ ಕಪಾಟಿಗೆ ಉಪಯೋಗವಾಯಿತು. ಬಸಣ್ಣನವರು ಊರಿನ ಮಾನ ಹೋಯಿತೆಂದು ನನ್ನೊಡನೆ ಕೆಲವು ತಿಂಗಳು ಬಿಗಿದುಕೊಂಡೇ ಇದ್ದರು. ನೀರು ಬಂದದ್ದಕ್ಕಿಂತ, ಮೇಡಂಗೆ ಆ ದಿನ ಎಳನೀರು ಕೊಡುವವರಿರಲಿಲ್ಲವಲ್ಲ ಎಂಬುದೇ ಅವರಿಗೆ ದೊಡ್ಡದಾಗಿ ಕಂಡಿತ್ತು. ಹೆರಿಗೆಗೆ ಬರುವವರು ಮಾತ್ರ ಬಹಳ ಕಾಲ ಕೊಡ ತರುವುದನ್ನು ಬಿಡಲಿಲ್ಲ. ಬೇಡವೆಂದರೂ ತರುತ್ತಿದ್ದರು, ಮತ್ತು ಹೋಗುವಾಗ ನಮ್ಮ ನಲ್ಲಿಯಿಂದ ತುಂಬಿಸಿಕೊಂಡು ಹೋಗುತ್ತಿದ್ದರು. ಈ ಬಾಬತ್ತಿನ ಬಗ್ಗೆ ನಾನು ಮೇಲಿನ ಕಚೇರಿಗೆ ಯಾವ ವರದಿಯನ್ನೂ ಸಲ್ಲಿಸಿಲ್ಲ.

ಮೊನ್ನೆ ಹಡಗಲಿಯಲ್ಲಿ ನನ್ನ ಸೋದರ ಸೊಸೆಯ ಬಾಣಂತನ ನೋಡಲು ಆಸ್ಪತ್ರೆಗೆ ಹೋಗಿದ್ದೆವು. ಹೆಂಡತಿ ತೊಟ್ಟಿಲಿನತ್ತ ಹೋದಳು; ನಾನು, ಯಥಾಪ್ರಕಾರ, ನಲ್ಲಿಯತ್ತ. ತಿರುಗಿಸಿದೊಡನೆ ನೀರು ಧಾರಾಳವಾಗಿ ಬಂತು. ಹಿಂದಿನ ನಾನಾಗಿದ್ದರೆ ಅಷ್ಟಕ್ಕೇ ಸಂತೋಷಪಟ್ಟು ಹೊರಡುತ್ತಿದ್ದೆ. ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಆಯಾಳನ್ನು ಮೆಲ್ಲಗೆ ವಿಚಾರಿಸಿದೆ:

"ಇವತ್ತು ಯಾರರ ದೊಡ್ಡೋರು ಬರೋರದಾರೇನಮ್ಮ?"

"ಯಾರೂ ಬರಂಗಿಲ್ರಿ," ಎಂದಳು ಆಕೆ, ಒರೆಸುವುದನ್ನು ನಿಲ್ಲಿಸದೆ. "ಯಾಕ್ರಿ?"

ಏನಿಲ್ಲವೆಂದು ಹೇಳಿ, ಸಾವಕಾಶವಾಗಿ ಎರಡೂ ಕೈ ತೊಳೆದುಕೊಂಡು, ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಕೂಸನ್ನು ಎತ್ತಿಕೊಳ್ಳಲು ಹೋದೆ.